ಪುಕ್ಕಟೆ ವಕೀಲರು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಗದ್ದೆಯ ಗಡಿ, ಅಣ್ಣತಮ್ಮಂದಿರ ಪಾಲುಪಟ್ಟಿ, ಗೇಣಿ ಒಕ್ಕಲು ಅಂತ ಇಪ್ಪತ್ತು ಇಪ್ಪತ್ತೈದು ವರ್ಷ ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿಕೊಂಡವರ ಗಾದೆ ಅದು. ಆ ಗಾದೆಯಲ್ಲಿ ಗೆದ್ದವನಿಗೂ ಒಬ್ಬ ವಕೀಲ ಇದ್ದಾನೆ, ಸೋತವನಿಗೂ ಒಬ್ಬ ಇದ್ದಾನೆ. ಇಬ್ಬರೂ ತಾವಾಗಿಯೇ ಮೆಟ್ಟಿಲು ಹತ್ತಿದವರು. ಪೊಲೀಸರು ತೋಳು ಹಿಡಿದು ಮೆಟ್ಟಿಲು ಹತ್ತಿಸಿದವನ ಬಗ್ಗೆ, ಅವನ ಪರವಾಗಿ ಬಾಯಿ ತೆರೆಯಲು ಯಾರೂ ಇಲ್ಲದಿದ್ದರೆ ಏನಾಗಬೇಕು ಎಂಬುದರ ಬಗ್ಗೆ ಒಂದು ಗಾದೆಯನ್ನೂ ನಾನು ಕೇಳಿಲ್ಲ.

ಊರಿನಲ್ಲಿ ಇಂಥ ಪ್ರಸಂಗ ಬಂದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಹುಡುಗನನ್ನು ಸ್ಟೇಷನ್ನಿಗೆ ಕರೆದೊಯ್ದರೆ ಅರ್ಧ ಗಂಟೆಯಲ್ಲಿ ಸುದ್ದಿ ಮನೆಗೆ ಮುಟ್ಟುತ್ತದೆ. ಅಪ್ಪ ಪಂಚಾಯ್ತಿ ಮೆಂಬರನ ಮನೆಗೆ, ಅಲ್ಲಿಂದ ಇಬ್ಬರೂ ಪೇಟೆಯ ವಕೀಲರ ಮನೆಗೆ. ಆ ವಕೀಲರ ತಂದೆಯ ಕಾಲದಿಂದಲೂ ಪರಿಚಯ ಇರುತ್ತದೆ. ಫೀಸು ಆಮೇಲೆ ಕೊಟ್ಟರಾಯಿತು, ಅಡಿಕೆ ಮಾರಿದ ಮೇಲೆ. ಬೊರಿವಲಿಯಲ್ಲಿ ಅದೇ ಹುಡುಗನನ್ನು ಹಿಡಿದರೆ ಅವನ ಹೋಟೆಲಿನ ಅಡುಗೆ ಭಟ್ಟರಿಗೆ ಗೊತ್ತಾಗುತ್ತದೆ, ಜೊತೆಗೆ ಮಾಳಿಗೆಯ ಮೇಲೆ ಮಲಗುವ ನಾಲ್ಕು ಹುಡುಗರಿಗೆ ಗೊತ್ತಾಗುತ್ತದೆ. ಅವರೆಲ್ಲ ಅದೇ ಮಾಲಕರ ಅನ್ನ ತಿನ್ನುವವರು. ಯಾರು ಎಲ್ಲಿಗೆ ಹೋಗಬೇಕು?

ಮೂವತ್ತು ವರ್ಷದಿಂದ ಬೊರಿವಲಿಯಲ್ಲಿದ್ದೇನೆ. ಬ್ಯಾಂಕಿನ ಗುಮಾಸ್ತಿಕೆ ಮುಗಿಸಿ ಪಿಂಚಣಿಯಲ್ಲಿದ್ದೇನೆ. ಇಲ್ಲಿನ ಕೋರ್ಟಿನ ಕಾರಿಡಾರಿನಲ್ಲಿ ಕೂತದ್ದು 2019ರ ಕೊನೆಯಲ್ಲಿ. ಬೈಂದೂರಿನ ಕಡೆಯ ಒಬ್ಬ ಹುಡುಗ, ಇಪ್ಪತ್ತೊಂದು ವರ್ಷ, ಹೋಟೆಲಿನ ಗಲ್ಲೆಯಿಂದ ಹಣ ತೆಗೆದ ಎಂಬ ಆರೋಪ. ಆಗ ಇದ್ದ ದಂಡ ಸಂಹಿತೆಯ 381ನೇ ಕಲಮು: ನೌಕರ ತನ್ನ ಧಣಿಯ ಸೊತ್ತನ್ನು ಕದಿಯುವುದು, ಏಳು ವರ್ಷದವರೆಗೆ ಸಜೆ. ಅವನ ಸೋದರಮಾವ ಊರಿನಿಂದ ಫೋನು ಮಾಡಿ, "ಒಂದ್ ಒಳ್ಳೆ ವಕೀಲ್ರನ್ನ ಹಿಡ್ದ್ ಕೊಡಿ, ಸರ್ಕಾರದವ್ರ್ ಬೇಡ" ಅಂದರು. ಸರ್ಕಾರದವರು ಯಾಕೆ ಬೇಡ ಎಂದು ಕೇಳಿದೆ. "ಪುಕ್ಕಟೆ ಮದ್ದ್ ತಾಗೂದಿಲ್ಲ ಮಾರಾಯ್ರೆ" ಎಂದರು.

ಈ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅದು ಬರೀ ಅಜ್ಞಾನದ ಮಾತಲ್ಲ. ನಾವು ದುಡ್ಡು ಕೊಟ್ಟರೆ ವಕೀಲ ನಮ್ಮವನು. ದುಡ್ಡು ಕೊಟ್ಟವರು ಬೇರೆಯವರಾದರೆ ಅವನು ಯಾರವನು? ಹಿಡಿದದ್ದು ಸರ್ಕಾರ, ಆರೋಪ ಹೊರಿಸಿದ್ದು ಸರ್ಕಾರ, ಎದುರಿಗೆ ವಾದಿಸುವ ಪ್ರಾಸಿಕ್ಯೂಟರಿಗೆ ಸಂಬಳ ಸರ್ಕಾರದ್ದು. ನಮ್ಮ ಪರ ನಿಲ್ಲುವವರಿಗೂ ಅದೇ ಖಜಾನೆಯಿಂದ ಸಂಬಳ ಎಂದರೆ ಹಳ್ಳಿಯ ಸೋದರಮಾವನಿಗೆ ಸಂಶಯ ಬರುವುದು ಸಹಜ. ತನ್ನ ಎದುರಾಳಿಗೆ ತಾನೇ ಕತ್ತಿ ಕೊಡುವವನನ್ನು ಯಾರು ನಂಬುತ್ತಾರೆ?

ಆದರೆ ಆ ಹುಡುಗನಿಗೆ ಸಿಕ್ಕಿದ್ದು ಸರ್ಕಾರದವರೇ. ಮೂವತ್ತರ ಒಳಗಿನ ಒಬ್ಬ ಹೆಣ್ಣುಮಗಳು, ಮರಾಠಿಯವರು, ಕಾನೂನು ನೆರವಿನ ಪಟ್ಟಿಯಲ್ಲಿದ್ದ ವಕೀಲೆ. ನನ್ನನ್ನು ಮೊದಲ ದಿನವೇ "ಕಾಕಾ" ಎಂದರು. ಅವರಿಗೆ ನನ್ನಿಂದ ಬೇಕಾದದ್ದು ದುಡ್ಡಲ್ಲ, ಭಾಷೆ. ಹುಡುಗನಿಗೆ ಹಿಂದಿ ಬರುತ್ತಿತ್ತು, ಹೋಟೆಲಿನ ಹಿಂದಿ: ದೋ ಇಡ್ಲಿ, ಏಕ್ ಮಸಾಲಾ, ಪಾರ್ಸಲ್. ಆ ಹಿಂದಿಯಲ್ಲಿ ತನ್ನ ಮೇಲಿನ ಆರೋಪಕ್ಕೆ ಉತ್ತರ ಹೇಳಲು ಆಗುತ್ತದೆಯೇ? ಪಂಚನಾಮೆ ಮರಾಠಿಯಲ್ಲಿ, ಫಿರ್ಯಾದು ಮರಾಠಿಯಲ್ಲಿ. ಅದಕ್ಕೆ ಅವನ ರುಜು ಮಾತ್ರ ಕನ್ನಡದಲ್ಲಿತ್ತು. "ಅವ್ರ್ ಎಂತ ಹೇಳ್ತ್ರ್ ಅಂದ್ ನಂಗ್ ಗೊತ್ತಾತಿಲ್ಲೆ ಅಣ್ಣ" ಎಂದ. ಸಾಕ್ಷ್ಯವನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯ 279ನೇ ಕಲಮು ಹೇಳುತ್ತಿತ್ತು. ಅದು ವಿಚಾರಣೆ ಶುರುವಾದ ಮೇಲಿನ ಮಾತು. ಅಲ್ಲಿಯವರೆಗೆ ಅವನಿಗೂ ಅವನ ವಕೀಲೆಗೂ ನಡುವೆ ಒಂದು ಸೇತುವೆ ಬೇಡವೇ? ಕಾವಲು ಪೊಲೀಸರು ನಾಲ್ಕು ಹೆಜ್ಜೆ ದೂರ ನಿಂತರು. ನಾವು ಮೂವರು ಬೆಂಚಿನ ಮೇಲೆ ಕೂತೆವು.

ಅವನು ಏನೇನು ಹೇಳಿದ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ವಕೀಲರಿಗೆ ಕಕ್ಷಿಗಾರ ಹೇಳಿದ ಮಾತು ಹೊರಗೆ ಹೋಗಕೂಡದು ಎಂದು ಸಾಕ್ಷ್ಯ ಕಾಯ್ದೆಯ 126ನೇ ಕಲಮು, ಆ ನಿರ್ಬಂಧ ದುಭಾಷಿಗೂ ಅನ್ವಯಿಸುತ್ತದೆ ಎಂದು 127ನೇ ಕಲಮು. 1872ರಲ್ಲಿ ಬರೆದದ್ದು. 2024ರಲ್ಲಿ ಹೊಸ ಕಾಯ್ದೆ ಬಂದಾಗಲೂ ಇದು ಹಾಗೇ ಉಳಿಯಿತು. ಕಪ್ಪು ಕೋಟು ಹಾಕದ, ಕಾನೂನಿನ ಒಂದು ಪುಸ್ತಕವನ್ನೂ ಓದದ ನನ್ನಂಥವನ ನಾಲಿಗೆಗೂ ಆ ದಿನ ಒಂದು ಬೀಗ ಬಿತ್ತು. ವಕೀಲೆ ಅದನ್ನು ಮೊದಲೇ ಹೇಳಿ ಕೂರಿಸಿದ್ದರು.

ಅಲ್ಲಿಂದ ಶುರುವಾಯಿತು ನೋಡಿ. ಮದುವೆ ಹಾಲಿನಲ್ಲಿ, ಸತ್ಯನಾರಾಯಣ ಪೂಜೆಯಲ್ಲಿ, ಬೊರಿವಲಿ ಫಾಸ್ಟಿನ ಬಾಗಿಲಲ್ಲಿ ಜೋತು ಬಿದ್ದಾಗಲೂ ಒಂದೇ ಪ್ರಶ್ನೆ: "ನಿಮಗೆ ಗೊತ್ತುಂಟಲ್ಲ, ಕದ್ದದ್ದು ಹೌದಾ ಅಲ್ವಾ?" ನಾನು ಹೇಳುವುದಿಲ್ಲ ಎಂದರೆ "ಹಾಗಾದರೆ ಕದ್ದಿದ್ದಾನೆ" ಎಂದು ತೀರ್ಮಾನ. ಕದ್ದಿಲ್ಲ ಎಂದಿದ್ದರೆ ಅದನ್ನೂ ನಂಬುತ್ತಿರಲಿಲ್ಲ, ಅದು ಬೇರೆ ಮಾತು. ಕದ್ದಿದ್ದರೆ ಅವನ ಪರ ಯಾಕೆ ನಿಲ್ಲಬೇಕು, ಕದ್ದಿಲ್ಲವಾದರೆ ವಕೀಲರು ಯಾಕೆ, ಸತ್ಯವೇ ಕಾಪಾಡುತ್ತದಲ್ಲ ಎಂಬ ತರ್ಕ ನಮ್ಮವರದು. ಎರಡು ಕಡೆಯಿಂದಲೂ ವಕೀಲರಿಗೆ ಬಾಗಿಲು ಮುಚ್ಚಿಬಿಡುವ ತರ್ಕ.

ಇದಕ್ಕೆ ನನಗೆ ಸಿಕ್ಕಿದ ಉತ್ತರ ಕಾನೂನಿನ ಪುಸ್ತಕದಿಂದ ಬಂದದ್ದಲ್ಲ, ತಾಳಮದ್ದಳೆಯಿಂದ. ಮುಂಬಯಿಯಲ್ಲಿ ಮಳೆಗಾಲ ಬಂತೆಂದರೆ ತಾಳಮದ್ದಳೆ. ಊರಿನಿಂದ ಅರ್ಥಧಾರಿಗಳು ಬರುತ್ತಾರೆ. ಕೌರವನ ಅರ್ಥ ಹೇಳುವವರು ಕೌರವನನ್ನು ಬಿಟ್ಟುಕೊಡುವುದಿಲ್ಲ. ಕೃಷ್ಣನ ಒಂದೊಂದು ಮಾತಿಗೂ ಎದುರು ಪ್ರಶ್ನೆ ಹಾಕುತ್ತಾರೆ. ಸಭೆಯಲ್ಲಿ ಕೂತವರು ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗುವಾಗ "ಇವತ್ತು ಕೌರವ ಕೃಷ್ಣನಿಗೆ ಬೆವರಿಳಿಸಿಬಿಟ್ಟ" ಎನ್ನುತ್ತಾರೆ. ಅರ್ಥಧಾರಿಯನ್ನು ಯಾರಾದರೂ ದ್ರೌಪದಿಯ ಸೀರೆ ಎಳೆಸಿದವನು ಎಂದು ಬೈದದ್ದುಂಟೆ? ಎದುರಿನ ಪಾತ್ರಕ್ಕೆ ಗಟ್ಟಿ ಅರ್ಥಧಾರಿ ಸಿಗದ ದಿನ ಕೃಷ್ಣನ ಮಾತೂ ಸಪ್ಪೆ. ಇದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಕೋರ್ಟಿಗೆ ಬಂದಾಗ ಮಾತ್ರ ಮರೆತು ಹೋಗುತ್ತದೆ.

ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಒಪ್ಪುತ್ತೇನೆ. ತಾಳಮದ್ದಳೆಯಲ್ಲಿ ಎಷ್ಟೇ ವಾದಿಸಿದರೂ ಸಂಧಾನ ಮುರಿಯಲೇಬೇಕು, ಪ್ರಸಂಗ ಹಾಗೆ ಬರೆದಿದೆ. ಕೋರ್ಟಿನಲ್ಲಿ ಪ್ರಸಂಗ ಮೊದಲೇ ಬರೆದಿರಕೂಡದು. ಆರೋಪಿಯ ಪರ ಯಾರೂ ಇಲ್ಲದಾಗ, ಅಥವಾ ಇದ್ದವರು ಕಾಗದ ಓದದೆ ಬಂದು ನಿಂತಾಗ, ಕೋರ್ಟೂ ಭಾಗವತರು ಹಾಡಿದ ಪದಕ್ಕೆ ಸರಿಯಾಗಿ ಕುಣಿಯುತ್ತದೆ.

ನಮ್ಮ ಸಂವಿಧಾನದ 22ನೇ ವಿಧಿಯಲ್ಲಿ ಬಂಧಿತನಿಗೆ ತನ್ನ ಇಷ್ಟದ ವಕೀಲರ ಹಕ್ಕು ಮೊದಲಿಂದಲೂ ಇದೆ. ಇಷ್ಟದ ವಕೀಲರಿಗೆ ಕೊಡಲು ದುಡ್ಡಿಲ್ಲದವನ ಮಾತು ಬಂದದ್ದು ತಡವಾಗಿ: 1976ರ ತಿದ್ದುಪಡಿಯಲ್ಲಿ 39-ಎ ವಿಧಿ. ಅದಕ್ಕೆ ಜೀವ ಬಂದದ್ದು 1978ರ ಆಗಸ್ಟಿನಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬರೆದ ಎರಡು ತೀರ್ಪುಗಳಿಂದ. ಎರಡರಲ್ಲೂ ನಮ್ಮ ನೆರಳಿದೆ ಎಂಬುದು ಊರಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಮೊದಲನೆಯದು ಹೊಸ್ಕೋಟ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನದು. ಆರೋಪಿ ಓದಿದವರು, ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ನಕಲಿ ಮುದ್ರೆಯೊಂದನ್ನು ಮುಂಬಯಿಯ ಬ್ಲಾಕ್ ಮಾಡುವವರ ಹತ್ತಿರ ಮಾಡಿಸಲು ಹೋಗಿ ಸಿಕ್ಕಿಬಿದ್ದರು. ಕೆಳಗಿನ ಕೋರ್ಟು ಕೋರ್ಟು ಏಳುವವರೆಗೆ ಸಜೆ, ದಂಡ ಎಂದು ಬಿಟ್ಟಿತ್ತು; ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ತೀರ್ಪಿನ ಪ್ರತಿ ಜೈಲಿಗೆ ಹೋಯಿತು, ಅವರ ಕೈಗೆ ಮುಟ್ಟಿತೋ ಇಲ್ಲವೋ ಎಂಬುದಕ್ಕೆ ರುಜುವಾತಿಲ್ಲ. ಸುಪ್ರೀಂ ಕೋರ್ಟಿಗೆ ಬರುವಷ್ಟರಲ್ಲಿ ನಾಲ್ಕು ವರ್ಷ ಮೀರಿತ್ತು. ಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು, ಶಿಕ್ಷೆ ಸರಿಯೇ ಎಂದಿತು. ಜೊತೆಗೆ, ಇನ್ನು ಮುಂದೆ ಪ್ರತಿ ಕೈದಿಗೂ ತೀರ್ಪಿನ ಪ್ರತಿಯನ್ನು ಪುಕ್ಕಟೆ, ತಡವಿಲ್ಲದೆ ಕೊಡಬೇಕು, ಮೇಲ್ಮನವಿಗೆ ವಕೀಲರನ್ನು ಇಡಲಾಗದವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಎಂದೂ ಹೇಳಿತು. ನನಗೆ ಇಷ್ಟವಾಗುವುದು ಇದೇ. ಬಡವರ ಈ ಹಕ್ಕು ಸ್ಥಾಪನೆಯಾದದ್ದು ಯಾರೋ ಪಾಪದ ನಿರಪರಾಧಿಯ ಕಣ್ಣೀರಿನಿಂದಲ್ಲ. ಕಳ್ಳ ಸೀಲು ಮಾಡಿಸಹೊರಟ, ಕೇಸು ಸೋತ ಒಬ್ಬ ವಿದ್ಯಾವಂತನ ಹೆಸರಿನಲ್ಲಿ.

ಎರಡನೆಯದು ಮೋತಿರಾಮ್ ಎಂಬ ಗಾರೆ ಕೆಲಸದವನದು, ಮಧ್ಯಪ್ರದೇಶದ್ದು. ಜಾಮೀನು ಸಿಕ್ಕಿತು, ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶೂರಿಟಿ ಕೇಳಿದರು, ಅಣ್ಣನ ಶೂರಿಟಿಯನ್ನು ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ಕೃಷ್ಣ ಅಯ್ಯರ್ ಸಿಟ್ಟಾದರು. ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ ದೂರದ ಬಸ್ತಾರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರರನ್ನು ಎಲ್ಲಿಂದ ತರಬೇಕು ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ. ಕನ್ನಡಿಗ ಎಂಬ ಶಬ್ದವೇ ಇದೆ. ಪರಊರಿನಲ್ಲಿ ದುಡಿಯುವವನ ಪಾಡನ್ನು ದಿಲ್ಲಿಯಲ್ಲಿ ಕೂತು ಒಬ್ಬರು ಕಂಡರಲ್ಲ ಎಂದು ನನಗೆ ಅದನ್ನು ಓದಿದಾಗ ಅನ್ನಿಸಿತು.

ಯಾಕೆಂದರೆ ನಮ್ಮ ಹುಡುಗನ ಕಥೆಯೂ ಅಲ್ಲಿಗೇ ಬಂದು ನಿಂತಿತ್ತು. ಜಾಮೀನು ಮಂಜೂರಾಯಿತು, ಬಿಡುಗಡೆಯಾಗಲಿಲ್ಲ. ಸ್ಥಳೀಯ ಶೂರಿಟಿ ಬೇಕು: ರೇಷನ್ ಕಾರ್ಡು, ಮನೆಯ ಕಾಗದ, ಸಂಬಳದ ಚೀಟಿ. ಊರಿನಲ್ಲಿ ಅವನ ಅಪ್ಪನಿಗೆ ಎಪ್ಪತ್ತು ಸೆಂಟ್ಸು ಜಾಗ ಇದೆ, ಅದು ಇಲ್ಲಿ ಶೂನ್ಯ. ಕೋರ್ಟಿನ ಹೊರಗೆ ಚಹದ ಗಾಡಿಯ ಹತ್ತಿರ ದುಡ್ಡಿಗೆ ಜಾಮೀನು ನಿಲ್ಲುವವರು ಸಿಗುತ್ತಾರೆ ಎಂದು ಯಾರೋ ಹೇಳಿದರು. ವಕೀಲೆ ಕಣ್ಣು ಕೆಂಪು ಮಾಡಿದರು. ಅವರು ಮಾಡಿದ್ದು ಇಷ್ಟು: ರಾತ್ರಿ ಕೂತು ಓದಿ, ಮೋತಿರಾಮ್ ತೀರ್ಪಿನ ಭಾಗಗಳಿಗೆ ಪೆನ್ಸಿಲು ಗೆರೆ ಹಾಕಿ, 445ನೇ ಕಲಮಿನ ಪ್ರಕಾರ ಶೂರಿಟಿಯ ಬದಲು ನಗದು ಠೇವಣಿಗೆ ಅವಕಾಶ ಕೇಳಿ ಎರಡು ಪುಟದ ಅರ್ಜಿ ಬರೆದರು. ವಾದ ಮೂರೂವರೆ ನಿಮಿಷ. ಸಿನಿಮಾದಲ್ಲಿ ಕಾಣುವ ಹಾಗೆ ಮೇಜು ಗುದ್ದಲಿಲ್ಲ. ಆ ಮೂರೂವರೆ ನಿಮಿಷಕ್ಕೆ ಹಿಂದೆ ಎಷ್ಟು ಓದು ಇತ್ತು ಎಂದು ಬೆಂಚಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಹತ್ತು ಸಾವಿರ ಕಟ್ಟಿ ಹುಡುಗ ಹೊರಬಂದ. ಸೋದರಮಾವ ಫೋನಿನಲ್ಲಿ, "ಪುಕ್ಕಟೆಯವ್ರ್ ಅಡ್ಡಿಲ್ಲ" ಎಂದರು. ಅದಕ್ಕಿಂತ ಹೆಚ್ಚಿನ ಪ್ರಶಂಸೆ ಅವರ ಬಾಯಿಂದ ಬರುವುದಿಲ್ಲ.

ಎಲ್ಲ ಪುಕ್ಕಟೆ ವಕೀಲರೂ ಹೀಗೆ ಎಂದರೆ ಸುಳ್ಳಾದೀತು. ವಾಯಿದೆಯ ದಿನ ಕಾಣಿಸದವರು, ಮನೆಯವರ ಹತ್ತಿರ ಕೈ ಒಡ್ಡುವವರು ಇದ್ದಾರೆ. 1983ರಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಮುಂಬಯಿಯ ಜೈಲಿನಲ್ಲಿದ್ದ ಹೆಂಗಸರನ್ನು ಮಾತಾಡಿಸಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರದ ಮೇಲೆ ತೀರ್ಪು ಬಂತಲ್ಲ, ಲಾಕಪ್ಪಿನಲ್ಲಿ ಹೆಂಗಸರಿಗೆ ಏನೇನು ರಕ್ಷಣೆ ಬೇಕೆಂದು ಹೇಳಿದ್ದು, ಅದರಲ್ಲೇ ಇಬ್ಬರು ಪರದೇಶಿ ಕೈದಿಗಳನ್ನು ವಕೀಲನೊಬ್ಬ ಮೋಸ ಮಾಡಿದ ಪ್ರಸ್ತಾಪವೂ ಇದೆ. ಆತ ಸರ್ಕಾರದ ವಕೀಲನಲ್ಲ, ದುಡ್ಡಿನ ವಕೀಲ ಎಂಬುದನ್ನು ಸೋದರಮಾವನಂಥವರು ಗಮನಿಸಬೇಕು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವ ಯಾರೇ ಆಗಲಿ, ವರಮಾನ ಕೇಳದೆ ವಕೀಲರನ್ನು ಕೊಡಬೇಕು. ಹಳೆಯ ಪದ್ಧತಿಯಲ್ಲಿ ಪಟ್ಟಿಯ ವಕೀಲರಿಗೆ ಒಂದೊಂದು ಕೇಸಿಗೆ ಅಷ್ಟಿಷ್ಟು ಸಂಭಾವನೆ. ಸ್ವಂತ ಕೇಸುಗಳ ನಡುವೆ ಇದನ್ನು ಮಾಡಬೇಕು. 2022ರಿಂದ ಜಿಲ್ಲೆ ಜಿಲ್ಲೆಗಳಲ್ಲಿ ಆರೋಪಿಗಳ ಪರ ವಾದಿಸುವುದೇ ಪೂರ್ಣಾವಧಿ ಕೆಲಸವಾಗಿರುವ ವಕೀಲರನ್ನು ನೇಮಿಸುವ ಯೋಜನೆ ಬಂದಿದೆ. ಅವರು ಖಾಸಗಿ ಕೇಸು ಹಿಡಿಯುವಂತಿಲ್ಲ. ಪ್ರಾಸಿಕ್ಯೂಟರಿಗೆ ಒಂದು ಕಚೇರಿ ಇದ್ದ ಹಾಗೆ ಇವರಿಗೂ ಒಂದು ಕಚೇರಿ. ಫೋನು ಮಾಡಬೇಕಾದವರಿಗೆ 15100. ಊರಿನವರು ಈ ನಂಬರನ್ನು ಮಗನ ಮುಂಬಯಿ ವಿಳಾಸದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬಹುದು.

ಹೋಟೆಲಿನ ಗಲ್ಲೆಯ ಕಳವು ಸಣ್ಣದು. ಅಲ್ಲಿ ಕನಿಕರ ತೋರಿಸುವುದು ಸುಲಭ. ಮುಂಬಯಿ ಈ ಪ್ರಶ್ನೆಯನ್ನು ಅತಿ ಕಠಿಣ ರೂಪದಲ್ಲಿ ಎದುರಿಸಿದ್ದು 2008ರ ನವೆಂಬರ್ 26ರ ನಂತರ. 166 ಜನ ಸತ್ತಿದ್ದರು. ಸಿಎಸ್‌ಟಿಯಲ್ಲಿ ಬಂದೂಕು ಹಿಡಿದವನ ಫೋಟೋ ಎಲ್ಲರ ಕಣ್ಣಲ್ಲಿತ್ತು. ಕಸಬ್ ಪರ ವಾದಿಸಲು ವಕೀಲರು ಮುಂದೆ ಬರಲಿಲ್ಲ. ವಿಶೇಷ ನ್ಯಾಯಾಧೀಶ ಎಂ. ಎಲ್. ತಹಲಿಯಾನಿ 2009ರಲ್ಲಿ ಅಂಜಲಿ ವಾಘ್ಮಾರೆಯವರನ್ನು ನೇಮಿಸಿದಾಗ ಅವರ ಮನೆಗೆ ಕಲ್ಲು ಬಿತ್ತು. ಆಮೇಲೆ ಅಬ್ಬಾಸ್ ಕಾಜ್ಮಿ, ಆಮೇಲೆ ಕೆ. ಪಿ. ಪವಾರ್, ಹೈಕೋರ್ಟಿನಲ್ಲಿ ಅಮೀನ್ ಸೋಲ್ಕರ್, ಫರ್ಹಾನಾ ಶಾ, ಸುಪ್ರೀಂ ಕೋರ್ಟಿನಲ್ಲಿ ರಾಜು ರಾಮಚಂದ್ರನ್. ನಮ್ಮ ಡಬ್ಬದಲ್ಲಿ ಆಗ ದಿನವೂ ಇದೇ ಮಾತು: ಕಣ್ಣೆದುರು ಕೊಂದವನಿಗೆ ನಮ್ಮ ತೆರಿಗೆಯಲ್ಲಿ ವಕೀಲ ಯಾಕೆ? ನನಗೂ ಆಗ ಥಟ್ಟನೆ ಉತ್ತರ ಹೊಳೆಯುತ್ತಿರಲಿಲ್ಲ, ಸ್ಟೇಷನ್ನಿನಲ್ಲಿ ಸತ್ತವರು ನಮ್ಮ ಹಾಗೇ ಟಿಫಿನ್ ಹಿಡಿದು ಓಡಾಡುವವರು.

ಉತ್ತರ ಕಸಬನ ಕಡೆಯಿಂದ ಬರಲಿಲ್ಲ. ಅದೇ ಕಟಕಟೆಯಲ್ಲಿ ಇನ್ನಿಬ್ಬರಿದ್ದರು, ಫಹೀಮ್ ಅನ್ಸಾರಿ ಮತ್ತು ಸಬಾವುದ್ದೀನ್ ಅಹ್ಮದ್. ದಾಳಿಗೆ ನಕಾಶೆ ಕೊಟ್ಟವರು ಎಂಬ ಆರೋಪ. 2010ರ ಮೇ 3ರಂದು ಕಸಬ್ ತಪ್ಪಿತಸ್ಥ ಎಂದ ಅದೇ ನ್ಯಾಯಾಧೀಶರು ಇವರಿಬ್ಬರನ್ನು ಬಿಡುಗಡೆ ಮಾಡಿದರು. ಹೈಕೋರ್ಟು, 2012ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟು, ಎರಡೂ ಅದನ್ನು ಎತ್ತಿಹಿಡಿದವು. ಅನ್ಸಾರಿಯ ಪರ ವಾದಿಸುತ್ತಿದ್ದ ಶಾಹಿದ್ ಆಜ್ಮಿಯನ್ನು ಆ ಫೆಬ್ರುವರಿಯಲ್ಲಿ ಕುರ್ಲಾದ ಅವರ ಕಚೇರಿಯಲ್ಲೇ ಗುಂಡಿಟ್ಟು ಕೊಂದರು. ಅವರು ಸರ್ಕಾರ ಕೊಟ್ಟ ವಕೀಲರಲ್ಲ. ಆದರೆ ಆ ಮೂವರಿಗೂ ವಕೀಲರು ಬೇಡವೆಂದು ನಾವು ಡಬ್ಬದಲ್ಲಿ ಕೂತು ತೀರ್ಮಾನಿಸಿದ್ದರೆ, ಕಟಕಟೆಯಲ್ಲಿ ಯಾರು ಯಾರು ಎಂದು ಬೇರ್ಪಡಿಸುವವರು ಯಾರಿದ್ದರು? ಕಸಬನನ್ನು 2012ರ ನವೆಂಬರ್ 21ರಂದು ಯರವಡಾದಲ್ಲಿ ಗಲ್ಲಿಗೇರಿಸಿದರು. ಅವನ ಅಪರಾಧದ ಬಗ್ಗೆ ಇವತ್ತು ನಮಗೆ ಸಂಶಯ ಇಲ್ಲದಿರುವುದಕ್ಕೆ ಅವನ ವಕೀಲರೂ ಕಾರಣ. ಅವರು ಎಳೆದೆಳೆದು ನೋಡಿದರೂ ಹರಿಯದ ಸಾಕ್ಷ್ಯ ಅದು.

ಊರಿನಲ್ಲಿ ಹೀಗಾಗುವುದಿಲ್ಲ ಎನ್ನಬೇಡಿ. 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಕಾಶ್ಮೀರದ ಮೂವರು ವಿದ್ಯಾರ್ಥಿಗಳನ್ನು ರಾಜದ್ರೋಹದ ಆರೋಪದಲ್ಲಿ ಹಿಡಿದಾಗ ಅಲ್ಲಿನ ವಕೀಲರ ಸಂಘ ಅವರ ಪರ ಯಾರೂ ವಕಾಲತ್ತು ಹಾಕಕೂಡದು ಎಂದು ಠರಾವು ಮಾಡಿತು. ಇಂಥ ಠರಾವುಗಳು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿಯಾಗಿತ್ತು. ಕರ್ನಾಟಕ ಹೈಕೋರ್ಟು ಸಂಘವನ್ನು ತರಾಟೆಗೆ ತೆಗೆದುಕೊಂಡಿತು, ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಬೇಕಾಯಿತು. ಕಾಶ್ಮೀರದ ಆ ಹುಡುಗರಿಗೆ ಹುಬ್ಬಳ್ಳಿ ಎಂದರೆ ನಮ್ಮ ಹುಡುಗನಿಗೆ ಬೊರಿವಲಿ ಇದ್ದ ಹಾಗೆ.

ಪರಊರಿನಲ್ಲಿರುವವರಿಗೆ ಒಂದು ಹೆಚ್ಚಿನ ಭಯ ಇದೆ. ಒಬ್ಬ ಕದ್ದರೆ ಎಲ್ಲ ಹೋಟೆಲು ಹುಡುಗರೂ ಕಳ್ಳರು ಎಂದಾಗುತ್ತದೆ, ಆದ್ದರಿಂದ ನಾವೇ ಮೊದಲು ಅವನನ್ನು ಕೈಬಿಟ್ಟು "ನಾವು ಅಂಥವರಲ್ಲ" ಎಂದು ತೋರಿಸಿಬಿಡುವುದು. ನಾಲ್ಕು ತಲೆಮಾರು ಕಷ್ಟಪಟ್ಟು ಕಟ್ಟಿದ ಹೆಸರು. ಅದನ್ನು ಕಾಪಾಡುವ ಆಸೆ ತಪ್ಪು ಎನ್ನಲಾರೆ. ಮಾಲಕರೂ ನಮ್ಮವರೇ, ಸಂಘಕ್ಕೆ ವರ್ಷವೂ ದೇಣಿಗೆ ಕೊಡುವವರು, ಅವರ ಗಲ್ಲೆಯಿಂದ ಹಣ ಹೋದದ್ದೂ ನಿಜ. ಆದರೆ ಕಾಯಿಲೆಗೆ, ಶಾಲೆಯ ಫೀಸಿಗೆ, ಹೆಣ ಊರಿಗೆ ಸಾಗಿಸಲು ಚಂದಾ ಎತ್ತುವ ನಾವು ಲಾಕಪ್ಪಿನ ಬಾಗಿಲಲ್ಲಿ ಮಾತ್ರ ಯಾಕೆ ನಿಂತುಬಿಡುತ್ತೇವೆ? ಸತ್ತವನು ನಮ್ಮ ಹೆಸರು ಕೆಡಿಸಲಾರ ಎಂದೋ?

ಹುಡುಗನ ಕೇಸು ಎರಡು ವರ್ಷ ಕೊರೊನಾದಲ್ಲಿ ಮಲಗಿತ್ತು. ಈಗ ಸಾಕ್ಷಿಗಳ ವಿಚಾರಣೆ ಶುರುವಾಗಿದೆ. ಅವನು ವಸಯಿಯಲ್ಲಿ ಬೇರೆ ಕೆಲಸದಲ್ಲಿದ್ದಾನೆ, ವಾಯಿದೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಂದು ನಿಲ್ಲುತ್ತಾನೆ. ಹಳೆಯ ವಕೀಲೆ ಬೇರೆ ಕಡೆ ಹೋದರು, ಬಂದವರು ಪೂರ್ಣಾವಧಿಯವರು, ಕಡತ ಪೂರ್ತಿ ಓದಿದ್ದಾರೆ. ಅವರಿಗೂ ಕನ್ನಡ ಬರುವುದಿಲ್ಲ. ಕಳೆದ ಮಹಾಸಭೆಯಲ್ಲಿ ನಾನು ಒಂದು ಸೂಚನೆ ಇಟ್ಟೆ: ಕನ್ನಡ, ತುಳು, ಕೊಂಕಣಿ ಬಲ್ಲ, ಮರಾಠಿಯೂ ಬಲ್ಲ ಹತ್ತು ಜನರ ಹೆಸರನ್ನು ಕಾನೂನು ಸೇವಾ ಕಚೇರಿಗೆ ಕೊಟ್ಟಿಡೋಣ, ಬೇಕಾದಾಗ ದುಭಾಷಿಗಳಾಗಿ ಹೋಗಲಿ, ಸಂಘಕ್ಕೆ ಒಂದು ಪೈಸೆ ಖರ್ಚಿಲ್ಲ. ಹಿಂದಿನ ಸಾಲಿನಿಂದ ಒಬ್ಬರು "ಕಳ್ಳರಿಗಾ?" ಎಂದರು. "ಆರೋಪಿಗಳಿಗೆ" ಎಂದೆ. ಸ್ವಲ್ಪ ನಗು. ಅಧ್ಯಕ್ಷರು ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಹೊರಗೆ ಊಟಕ್ಕೆ ಎಲೆ ಹಾಕಿದ್ದರು. ಕೈ ತೊಳೆಯುವಲ್ಲಿ ಮೂವರು ಬಂದು ತಮ್ಮ ಫೋನ್ ನಂಬರು ಕೊಟ್ಟರು. ಅದರಲ್ಲಿ ಒಬ್ಬರು ಆ ಹೋಟೆಲಿನ ಭಟ್ಟರು.